ಕಿಲೋಮೀಟರ್ ಏರದೆ ಸವೆಯುವ ಗಾಡಿ

ಏಪ್ರಿಲ್ 14ಕ್ಕೆ ಅಗ್ನಿಶಾಮಕ ಸೇವಾ ಸಪ್ತಾಹ ಶುರುವಾಗುತ್ತದೆ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಹಡಗೊಂದು ಸ್ಫೋಟಗೊಂಡು, ಬೆಂಕಿ ಆರಿಸಲು ಹೋದ ಹಲವರು ಪ್ರಾಣ ಬಿಟ್ಟರು. ಆ ವಾರ ಮಗಳನ್ನು ಕರೆದುಕೊಂಡು, ಬೆಂಗಳೂರಿನ ನಮ್ಮ ಮನೆ ಹತ್ತಿರದ ಫೈರ್ ಸ್ಟೇಷನ್‌ಗೆ ಹೋಗಿದ್ದೆ. ಗಾಡಿ ಹಳೆಯದು, ಆದರೆ ಓಡಿದ ಕಿಲೋಮೀಟರ್ ತೀರಾ ಕಡಿಮೆ. "ಅದನ್ನ ನೋಡ್ಬೇಡಿ ಸಾರ್, ಇದನ್ನ ನೋಡಿ" ಎಂದು ಚಾಲಕರು ಪಂಪಿನ ಪಕ್ಕದ ಪುಟ್ಟ ಮೀಟರ್ ತೋರಿಸಿದರು. ಅದು ಗಂಟೆ ಲೆಕ್ಕದ ಮೀಟರ್.

ಬೆಂಕಿ ಬಿದ್ದ ಕಡೆ ಈ ಗಾಡಿ ನಿಂತಲ್ಲೇ ದುಡಿಯುತ್ತದೆ. ಚಕ್ರ ಉರುಳಿಸುವ ಎಂಜಿನ್ನೇ, ಗೇರ್‌ಬಾಕ್ಸ್‌ಗೆ ಜೋಡಿಸಿದ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ದಾಟಿಸುವ ಭಾಗ) ಮೂಲಕ ಪಂಪನ್ನೂ ತಿರುಗಿಸುತ್ತದೆ. ಮೂರು ಗಂಟೆ ನೀರು ಹೊಡೆದರೂ ಒಂದು ಕಿಲೋಮೀಟರ್ ಏರುವುದಿಲ್ಲ. ಠಾಣೆಯಲ್ಲಿ ಸುಮ್ನೆ ನಿಂತಾಗಲೂ ಬಿಡುವಿಲ್ಲ. ಟ್ಯಾಂಕಿನಲ್ಲಿ ಸದಾ ತುಂಬಿರುವ 4,500 ಲೀಟರ್ ನೀರು ಎಂದರೆ ನಾಲ್ಕೂವರೆ ಟನ್. ಸಾಮಾನಿನ ಲಾರಿ ಲೋಡ್ ಇಳಿಸಿ ಹಗುರಾಗುತ್ತದೆ. ಇಲ್ಲಿ ಸ್ಪ್ರಿಂಗ್, ಟೈರು ಹಗಲೂ ರಾತ್ರಿ ಹೊತ್ತೇ ಇರಬೇಕು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಂತೂ ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗುತ್ತದೆ. ಅದಕ್ಕೇ ಒಳಗೆ ತೂತಿರುವ ಅಡ್ಡ ತಗಡುಗಳನ್ನು ಬೆಸೆದಿರುತ್ತಾರೆ.

ಈಗ ಇಂಥ ಗಾಡಿಯ ಒಂದು ಬ್ರೇಕ್ ವಾಲ್ವ್ ಕಾರ್ಖಾನೆಯಿಂದಲೇ ದೋಷ ಹೊತ್ತು ಬಂದಿದೆ ಅಂದುಕೊಳ್ಳಿ. ನೂರಕ್ಕೆ ಒಂದು ವಾಲ್ವ್ ಕೈಕೊಡುತ್ತದೆ. 10,000 ಲಾರಿಗಳಲ್ಲಿ ಅದಿದ್ದರೆ ಸುಮಾರು ನೂರು ದೂರು ಬರುತ್ತವೆ, ಕಂಪನಿ ಎಚ್ಚೆತ್ತುಕೊಳ್ಳುತ್ತದೆ. ಬರೀ 50 ಅಗ್ನಿಶಾಮಕ ಗಾಡಿಗಳಲ್ಲಿ ಇದ್ದರೆ? ಒಂದೂ ಕೆಡದೇ ಇರುವ ಸಾಧ್ಯತೆಯೇ ಶೇಕಡಾ 60. ದೋಷ ಇದೆ, ಸುಳಿವೇ ಇಲ್ಲ! ನನಗೆ ಜಾಸ್ತಿ ಭಯ ಹುಟ್ಟಿಸುವುದು ಈ ಲೆಕ್ಕವೇ.

ಹಾಗಾಗಿ ಬಿಡಿಭಾಗದ ಜಾಡು ಹಿಡಿಯಬೇಕು. ಲಾರಿಯಲ್ಲಿ ಸಿಕ್ಕ ದೋಷ, ಅದೇ ವಾಲ್ವ್ ಇರುವ ಅಗ್ನಿಶಾಮಕ ಗಾಡಿಗೂ ಎಚ್ಚರಿಕೆ ಆಗಬೇಕಲ್ವಾ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಸೆಕ್ಷನ್ ಇದಕ್ಕೆ ದಾರಿ ಮಾಡಿದೆ. ದೋಷ ಬಿಡಿಭಾಗದ್ದಾದರೆ, ಆ ಭಾಗ ಇರುವ ಎಲ್ಲ ವಾಹನಗಳನ್ನೂ, ಮಾದರಿ ಯಾವುದೇ ಇರಲಿ, ವಾಪಸ್ ಕರೆಸುವಂತೆ ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಬಹುದು. ತುಂಬಾ ಒಳ್ಳೆಯ ಮಾತು ಇದು.

ತೊಡಕು ಇರುವುದು ಗಾಡಿ ಹುಟ್ಟುವ ರೀತಿಯಲ್ಲಿ. ಚಾಸಿ ಒಬ್ಬರದು. ಅದರ ಮೇಲೆ ಟ್ಯಾಂಕು, ಕ್ಯಾಬಿನ್ ಕಟ್ಟುವವರು ಇನ್ನೊಬ್ಬರು. ಪಂಪು ಮತ್ತೊಂದು ಕಂಪನಿಯದು. ಚಾಸಿಯ ದೋಷವಾದರೆ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಹಿಡಿದು ಗಾಡಿ ಹುಡುಕಬಹುದು. ಪಂಪಿನ ದೋಷವಾದರೆ ಆ ನಂಬರ್ ಸಾಲದು. ಪಂಪಿಗೆ ಅದರದೇ ನಂಬರ್ ಬೇಕು. ಯಾವ ಪಂಪು ಯಾವ ಗಾಡಿ ಸೇರಿತು, ಆ ಗಾಡಿ ಈಗ ಯಾವ ಠಾಣೆಯಲ್ಲಿದೆ ಎಂಬುದನ್ನು ಯಾರಾದರೂ ಬರೆದಿಟ್ಟಿರಬೇಕು.

"ಪಂಪಿನ ನಂಬರ್ ಎಲ್ಲಿದೆ?" ಎಂದು ಚಾಲಕರನ್ನು ಕೇಳಿದೆ. ಅವರು ಬಗ್ಗಿ, ಪೈಪಿನ ಹಿಂದೆ ಟಾರ್ಚ್ ಬಿಟ್ಟರು. ಬೆರಳಷ್ಟು ಅಗಲದ ತಗಡು, ಅದರ ಮೇಲೂ ಕೆಂಪು ಬಣ್ಣ ಬಳಿದಿತ್ತು. ಉಗುರಿನಿಂದ ಮೆಲ್ಲಗೆ ಕೆರೆದರು. ಒಂದೊಂದೇ ಅಂಕಿ ಕಂಡಿತು. ಅವರು ಓದುತ್ತಾ ಹೋದರು, ಮಗಳು ಅವರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.