ಶಿಕ್ಷೆ ಮುಗಿದ ಮೇಲೂ ಒಳಗೆ

ಒಬ್ಬ ಲೈಂಗಿಕ ಅಪರಾಧಿಯ ಶಿಕ್ಷೆ ಇವತ್ತಿಗೆ ಮುಗಿಯುತ್ತದೆ ಅಂದುಕೊಳ್ಳಿ. ಬಿಟ್ಟರೆ ಮತ್ತೆ ಅದನ್ನೇ ಮಾಡುತ್ತಾನೆ ಅಂತ ತಜ್ಞರು ಹೇಳುತ್ತಾರೆ. ಬಿಡಬೇಕೋ, ಬೇಡವೋ?

ಅಮೆರಿಕದ ಸುಮಾರು 20 ರಾಜ್ಯಗಳಲ್ಲಿ ಬಿಡದೆ ಇಟ್ಟುಕೊಳ್ಳುವ ಕಾನೂನಿದೆ. ಇದು ಶಿಕ್ಷೆಯಲ್ಲ ಎಂಬ ಕಾನ್ಸಾಸ್ ರಾಜ್ಯದ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟು 1997ರಲ್ಲಿ 5–4 ಬಹುಮತದಿಂದ ಒಪ್ಪಿತು. ಶಿಕ್ಷೆಯಲ್ಲ, ಚಿಕಿತ್ಸೆ ಅಂದ ಮೇಲೆ ಯಾರಾದರೂ ಗುಣವಾಗಿ ಮನೆಗೆ ಹೋಗಬೇಕು ಅಲ್ವಾ? ಮಿನ್ನೆಸೋಟದಲ್ಲಿ 1994ರಲ್ಲಿ ಶುರುವಾದ ವ್ಯವಸ್ಥೆಯಿಂದ ಮೊದಲ ಸಲ ಒಬ್ಬನಿಗೆ ಶರತ್ತಿಲ್ಲದ ಬಿಡುಗಡೆ ಸಿಕ್ಕಿದ್ದು 2016ರಲ್ಲಿ. ಆಗ ಒಳಗಿದ್ದವರು 700ಕ್ಕೂ ಜಾಸ್ತಿ.

ಜರ್ಮನಿಯ ಇಂಥದೇ ಕಾನೂನು 1933ರದ್ದು, ನಾಜಿಗಳ ಕಾಲದ್ದು. 1998ರಲ್ಲಿ ಅದಕ್ಕಿದ್ದ 10 ವರ್ಷದ ಮಿತಿಯನ್ನೂ ತೆಗೆದರು. ಹೆಸರು ಏನೇ ಇಡಿ, ಇದು ಶಿಕ್ಷೆಯೇ ಎಂದು 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಕೋಣೆಯಿಂದ ಚಿಕಿತ್ಸೆಯವರೆಗೆ ಎಲ್ಲವೂ ಜೈಲಿಗಿಂತ ಬೇರೆಯಾಗಿ ಕಾಣಬೇಕು ಎಂದು 2011ರಲ್ಲಿ ಜರ್ಮನಿಯದೇ ಸಂವಿಧಾನ ನ್ಯಾಯಾಲಯ ತಾಕೀತು ಮಾಡಿತು.

ಕಾನೂನು ಯಾವ ದೇಶದ್ದೇ ಇರಲಿ, ಎಲ್ಲವೂ ನಿಂತಿರುವುದು ಒಂದು ಭವಿಷ್ಯದ ಮೇಲೆ. ಅದನ್ನು ನುಡಿಯಲು ಸ್ಟ್ಯಾಟಿಕ್-99 ಎಂಬ 10 ಪ್ರಶ್ನೆಗಳ ಪಟ್ಟಿ ಪ್ರಸಿದ್ಧ: ವಯಸ್ಸೆಷ್ಟು, ಹಿಂದೆ ಎಷ್ಟು ಸಲ ಸಿಕ್ಕಿಬಿದ್ದಿದ್ದಾನೆ, ಹಿಂಸೆಗೆ ಒಳಗಾದವರು ಪರಿಚಿತರೋ ಅಲ್ಲವೋ, ಹೀಗೆ. ಸುಮ್ನೆ ಒಂದು ಲೆಕ್ಕ ಹಾಕೋಣ. 100 ಜನರಲ್ಲಿ 10 ಜನ ಮತ್ತೆ ಅಪರಾಧ ಮಾಡುವವರು ಅಂತ ಇಟ್ಟುಕೊಳ್ಳಿ, ನಮ್ಮ ಪರೀಕ್ಷೆ ಎರಡೂ ಕಡೆ ನೂರಕ್ಕೆ 80 ಸಲ ಸರಿ ಹೇಳುತ್ತದೆ. ಆಗ 10ರಲ್ಲಿ 8 ಜನ ಸಿಗುತ್ತಾರೆ, ಜೊತೆಗೆ ಮತ್ತೆ ಏನೂ ಮಾಡದ 90 ಜನರಲ್ಲಿ 18 ಮಂದಿಯೂ ಒಳಗೇ ಉಳಿಯುತ್ತಾರೆ. ತಪ್ಪಿಸಿಕೊಂಡ ಇಬ್ಬರು ಪೇಪರಿನಲ್ಲಿ ಬರುತ್ತಾರೆ. ಆ 18 ಜನ ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ, ಅವರನ್ನು ಹೊರಗೆ ಬಿಟ್ಟೇ ಇಲ್ಲವಲ್ಲ!

ಒಮ್ಮೆ ಇದು ಬಯಲಾಯಿತು. 1966ರಲ್ಲಿ ಕೋರ್ಟಿನ ತೀರ್ಪಿನಿಂದಾಗಿ ನ್ಯೂಯಾರ್ಕ್ ರಾಜ್ಯ 'ಅಪಾಯಕಾರಿ' ಎಂದು ಬಿಗಿ ಕಾವಲಿನಲ್ಲಿಟ್ಟಿದ್ದ 900ಕ್ಕೂ ಹೆಚ್ಚು ಮಾನಸಿಕ ರೋಗಿಗಳನ್ನು ಸಾಮಾನ್ಯ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ಅವರೆಲ್ಲ ಲೈಂಗಿಕ ಅಪರಾಧಿಗಳಲ್ಲ, ನಿಜ. ಆದರೂ ಹೆದರಿದ್ದಕ್ಕೆ ಹೋಲಿಸಿದರೆ ಆಮೇಲೆ ನಡೆದ ಹಿಂಸೆ ತೀರ ಕಡಿಮೆ.

ನಮ್ಮ ಕರ್ನಾಟಕದ 1985ರ ಗೂಂಡಾ ಕಾಯ್ದೆಗೂ 2014ರಲ್ಲಿ ಲೈಂಗಿಕ ಅಪರಾಧಿಗಳನ್ನು ಸೇರಿಸಿದರು. ಹೆಚ್ಚೆಂದರೆ 1 ವರ್ಷ, ಅಮೆರಿಕಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ಅಪರಾಧ ಸಾಬೀತಾಗಿರಲೇಬೇಕು ಅಂತಿಲ್ಲ. 10 ಪ್ರಶ್ನೆಗಳ ಪಟ್ಟಿಯೂ ಬೇಡ. ಜಿಲ್ಲಾಧಿಕಾರಿಗೋ ಪೊಲೀಸ್ ಕಮಿಷನರಿಗೋ ಮನವರಿಕೆಯಾದರೆ ಒಳಗೆ ಹಾಕಬಹುದು, ಹಾಕಿದ್ದು ಸರಿಯೇ ಅಂತ ಸಲಹಾ ಮಂಡಳಿ ನೋಡುವುದು ಆಮೇಲೆ.