ಓಡದ ಇಂಜಿನ್ ಹೊಸದಾಗಿ ಉಳಿಯುವುದಿಲ್ಲ

ಹಳೇ ಹಾಯಿದೋಣಿ ಕೊಳ್ಳಲು ಹೊರಟವರಿಗೆ ಮಾರುವವರು ಹೇಳುವ ಮೊದಲ ಮಾತು: ಇಂಜಿನ್ ಜಾಸ್ತಿ ಓಡಿಲ್ಲ, ಹೊಸದರ ಹಾಗೇ ಇದೆ. ಕೇಳಿದವರು ಖುಷಿಯಿಂದ ತಲೆಯಾಡಿಸುತ್ತಾರೆ. ನನಗೆ ಈ ಮಾತು ಕೇಳಿದರೆ ತಡೆಯಲು ಆಗುವುದಿಲ್ಲ, ಯಾಕೆಂದರೆ ದೋಣಿಯ ಇಂಜಿನ್ ಓಡಿ ಹಾಳಾಗುವುದು ಕಡಿಮೆ, ನಿಂತು ಹಾಳಾಗುವುದೇ ಜಾಸ್ತಿ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಸೋಲೆಂಟ್ ಜಲಸಂಧಿಯ ಸುತ್ತಮುತ್ತ, ಇಂಥ ದೋಣಿಗಳು ದಡದ ಮೇಲೆ ಊರುಗಂಬಗಳ ಆಸರೆಯಲ್ಲಿ ಸಾಲಾಗಿ ನಿಂತಿರುತ್ತವೆ. 1970–80ರ ದಶಕದ ಫೈಬರ್‌ಗ್ಲಾಸ್ ಮೈ. ಐದಾರು ವರ್ಷ ನೀರಿಗೆ ಇಳಿಯದಿದ್ದರೂ ಮೈಗೆ ಅಂಥ ತೊಂದರೆ ಇಲ್ಲ. ಆದರೆ ಒಳಗೆ, ಮೆಟ್ಟಿಲ ಹಿಂದಿನ ಕತ್ತಲ ಗೂಡಿನಲ್ಲಿ, ಒಂದು ಸಣ್ಣ ಡೀಸೆಲ್ ಇಂಜಿನ್ ಕೂತಿರುತ್ತದೆ. ಉದಾಹರಣೆಗೆ ಯಾನ್ಮಾರ್ 2ಜಿಎಂ20: ಎರಡು ಸಿಲಿಂಡರ್, 18 ಅಶ್ವಶಕ್ತಿ. ಅದನ್ನು ತಣ್ಣಗಿಡುವುದು ಸಮುದ್ರದ ನೀರೇ. ಹಳೇ ಮಾದರಿಗಳಲ್ಲಿ ರೇಡಿಯೇಟರೂ ಇಲ್ಲ, ಕೂಲೆಂಟೂ ಇಲ್ಲ. ಉಪ್ಪುನೀರು ಸೀದಾ ಬೀಡುಕಬ್ಬಿಣದ ಬ್ಲಾಕಿನೊಳಗೆ, ಅಂದರೆ ಇಂಜಿನ್ನಿನ ಮೈಯೊಳಗೆ ಸುತ್ತಿ, ಹೊಗೆಯ ಜೊತೆ ಸೇರಿ, ಹಿಂಬದಿಯ ಕೊಳವೆಯಿಂದ ಹೊರಗೆ ಬೀಳುತ್ತದೆ.

ದೋಣಿ ದಡಕ್ಕೆ ಬಂದರೂ ಆ ನೀರಿನಲ್ಲಿ ಸ್ವಲ್ಪ ಒಳಗೇ ಉಳಿಯುತ್ತದೆ. ಒಣಗಿದರೂ ಉಪ್ಪು ಉಳಿಯುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಅಲ್ಲಿಗೆ ಬೀಡುಕಬ್ಬಿಣ, ಕಂಚು, ಅಲ್ಯೂಮಿನಿಯಂ ಮೂರೂ ಒಂದೇ ಉಪ್ಪಿನ ತೇವದಲ್ಲಿ ಒಂದಕ್ಕೊಂದು ತಾಗಿಕೊಂಡು ಇರುತ್ತವೆ. ಇದು ಬ್ಯಾಟರಿ. ಕೀ ತಿರುಗಿಸದಿದ್ದರೂ, ಯಾರೂ ಹತ್ತಿರ ಬರದಿದ್ದರೂ, ಈ ಬ್ಯಾಟರಿ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಅದು ಖರ್ಚು ಮಾಡುವುದು ನಿಮ್ಮ ಇಂಜಿನ್ನಿನ ಲೋಹವನ್ನು.

ಈ ವಿಷಯ ಮನುಷ್ಯರಿಗೆ ಮೊದಲು ಕಣ್ಣಿಗೆ ಬಿದ್ದದ್ದು ಬ್ಯಾಟರಿ ಹುಟ್ಟುವ ಮುಂಚೆಯೇ. 1761ರಲ್ಲಿ ಬ್ರಿಟಿಷ್ ನೌಕಾಪಡೆ ಎಚ್‌ಎಂಎಸ್ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯಿತು. ಮರ ಕೊರೆಯುವ ಹುಳು ಬರಬಾರದು, ತಳಕ್ಕೆ ಚಿಪ್ಪುಜೀವಿ ಅಂಟಬಾರದು ಅಂತ. ಎರಡು ವರ್ಷದ ಮೇಲೆ ನೋಡಿದರೆ ತಾಮ್ರ ಚೆನ್ನಾಗಿತ್ತು, ಆದರೆ ಅದನ್ನು ತಾಗಿದ ಕಬ್ಬಿಣದ ಮೊಳೆಗಳು ಕರಗಿ ಹೋಗಿದ್ದವು. ತಗಡಿಗೂ ಕಬ್ಬಿಣಕ್ಕೂ ನಡುವೆ ಕಂದು ಕಾಗದ ಉಳಿದಿದ್ದ ಕಡೆ ಮಾತ್ರ ಕಬ್ಬಿಣ ಚೆನ್ನಾಗಿತ್ತು. ಇಟಲಿಯ ವಿಜ್ಞಾನಿ ವೋಲ್ಟಾ ತನ್ನ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಹಾಗಾಗಿ ಆ ಕಾಗದದ ಗುಟ್ಟು ಆಗ ಯಾರಿಗೂ ಬಿಡಿಸಲು ಆಗಲಿಲ್ಲ.

1824ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿ ನೋಡಿದ. ತಾಮ್ರಕ್ಕೆ ಅದಕ್ಕಿಂತ ಬೇಗ ಕರಗುವ ಲೋಹ, ಅಂದರೆ ಸತು ಅಥವಾ ಕಬ್ಬಿಣದ ತುಂಡನ್ನು ತಾಗಿಸಿಟ್ಟರೆ, ಕರಗುವ ಸರದಿ ಆ ತುಂಡಿನದಾಗುತ್ತದೆ, ತಾಮ್ರ ಉಳಿಯುತ್ತದೆ. ಪ್ರಯೋಗ ಗೆದ್ದಿತು, ಹಡಗು ಸೋತಿತು! ತಾಮ್ರ ಸ್ವಲ್ಪ ಸ್ವಲ್ಪ ಕರಗಿ ನೀರಿಗೆ ಬಿಡುವ ವಿಷವೇ ಚಿಪ್ಪುಜೀವಿಗಳನ್ನು ದೂರ ಇಡುತ್ತಿದ್ದದ್ದು. ಕರಗುವುದು ನಿಂತ ಕೂಡಲೇ ಅವು ದಂಡುದಂಡಾಗಿ ಬಂದು ಅಂಟಿದವು, ಹಡಗಿನ ವೇಗ ಕುಸಿಯಿತು, ನೌಕಾಪಡೆ ಆ ಯೋಚನೆಯನ್ನೇ ಕೈಬಿಟ್ಟಿತು. ಆದರೆ ಡೇವಿಯ ಲೆಕ್ಕ ಸರಿಯಾಗಿಯೇ ಇತ್ತು. ಸಮುದ್ರದ ನೀರಿನಲ್ಲಿ ಸತುವಿಗೂ ಕಂಚಿಗೂ ನಡುವೆ ಸುಮಾರು 0.7 ವೋಲ್ಟ್ ವ್ಯತ್ಯಾಸ ಇರುತ್ತದೆ. ಇಂದಿಗೂ ದೋಣಿ ಇಂಜಿನ್ನುಗಳು ಆ ಲೆಕ್ಕದ ಮೇಲೆಯೇ ಬದುಕಿವೆ.

ಮೊದಲು ಹೇಳಿದ ಯಾನ್ಮಾರ್ 2ಜಿಎಂ20ರ ಬ್ಲಾಕಿನ ಪಕ್ಕದಲ್ಲಿ ಒಂದು ಸಣ್ಣ ಮುಚ್ಚಳ ಇದೆ. ಬಿಚ್ಚಿದರೆ ಅದರ ಹಿಂಬದಿಗೆ ಬೆರಳಿನಂಥ ಒಂದು ಸತುವಿನ ತುಂಡು ಇರಬೇಕು. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಅಲ್ಲಿ ಸಿಗುವುದು ಬೆಳ್ಳಗೆ ಪುಡಿಪುಡಿಯಾದ ಒಂದು ಮೋಟು, ಕೆಲವೊಮ್ಮೆ ಬರೀ ಸ್ಕ್ರೂ. ಮೊದಲು ನೋಡಬೇಕಾದ್ದು ಇದನ್ನೇ ಅನ್ನುವುದು ನನ್ನ ಅಭಿಪ್ರಾಯ. ತುಂಡು ಅರ್ಧ ಉಳಿದಿದ್ದರೆ ಬ್ಲಾಕಿನ ಒಳಗಿನ ಗೋಡೆ ಬಹುಶಃ ಕ್ಷೇಮ. ಏನೂ ಉಳಿದಿಲ್ಲ ಅಂದರೆ, ಸತು ಮುಗಿದ ಮೇಲೆ ಕರಗಿದ್ದು ಯಾವುದು ಅನ್ನುವ ಪ್ರಶ್ನೆ ಏಳುತ್ತದೆ, ಅಲ್ವಾ?

ಇನ್ನು ಸಿಲಿಂಡರ್ ಒಳಗೆ. ಇಂಜಿನ್ ನಿಂತಾಗ ಯಾವುದಾದರೂ ಒಂದು ವಾಲ್ವ್ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಅದು ಹೊಗೆಯ ವಾಲ್ವ್ ಆದರೆ ಆ ದಾರಿಯ ಇನ್ನೊಂದು ತುದಿ ಒದ್ದೆ ಸೈಲೆನ್ಸರ್, ಅದರಾಚೆ ಸಮುದ್ರದ ಗಾಳಿ. ಹಗಲು ಬಿಸಿಯಾಗಿ, ರಾತ್ರಿ ತಣ್ಣಗಾದಂತೆ ಒಳಗಿನ ಗಾಳಿ ಹಿಗ್ಗಿ ಕುಗ್ಗಿ, ತೇವ ಒಳಗೆ ಬಂದು ತಣ್ಣನೆ ಲೋಹದ ಮೇಲೆ ಕೂರುತ್ತದೆ. ಪಿಸ್ಟನ್ ರಿಂಗ್ ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಆಗ ಹೊಸ ಬ್ಯಾಟರಿ ತಂದು ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟಾರ್ ತನ್ನ ಇಡೀ ಬಲ ಹಾಕಿ ರಿಂಗನ್ನು ಮುರಿಯುತ್ತದೆ. ಸುಮ್ನೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅನ್ನುವವರನ್ನು ದಯವಿಟ್ಟು ಇಂಜಿನ್ನಿನ ಹತ್ತಿರ ಬಿಡಬೇಡಿ.

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಅದರೊಳಗೆ ತೆಳು ಆಯಿಲ್ ಸುರಿದು, ಕೆಲವು ದಿನ ಹಾಗೇ ಬಿಡಿ. ಆಮೇಲೆ ಸಿಲಿಂಡರಿನಲ್ಲಿ ಗಾಳಿ ಅದುಮದಂತೆ ವಾಲ್ವ್ ತೆರೆದಿಡುವ ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ, ಕೈಯಿಂದ ತಿರುಗಿಸಿ. ಇಲ್ಲಿ ಕೈಗೆ ಗೊತ್ತಾಗುವಷ್ಟು ಯಾವ ಮೀಟರಿಗೂ ಗೊತ್ತಾಗುವುದಿಲ್ಲ. ಭಾರವಾಗಿದ್ದರೂ ಒಂದೇ ಸಮ ತಿರುಗಿದರೆ ಒಳ್ಳೆಯದು. ಒಂದೇ ಜಾಗಕ್ಕೆ ಬಂದು ಪ್ರತಿ ಸಲ ಗಟ್ಟಿಯಾಗಿ ನಿಂತರೆ ಒತ್ತಬೇಡಿ, ಅಲ್ಲಿ ತುಕ್ಕಿನ ದಿಬ್ಬ ಇರಬಹುದು, ಇಲ್ಲವೇ ಪಿಸ್ಟನ್ ಮೇಲೆ ನೀರು.

ನೀರಿನ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಐದು ವರ್ಷ ನಿಂತರೂ ಸಾಯದ ಇಂಜಿನ್ನುಗಳು ಸ್ಟಾರ್ಟ್ ಮಾಡುವ ದಿನ ಸಾಯುವುದು ಇದರಿಂದಲೇ. ದೋಣಿಯ ಸೈಲೆನ್ಸರ್ ಒಂದು ಡಬ್ಬ. ಇಂಜಿನ್ನನ್ನು ತಣ್ಣಗಾಗಿಸಿ ಬಂದ ಸಮುದ್ರದ ನೀರು ಅದರೊಳಗೆ ಬೀಳುತ್ತದೆ, ಹೊಗೆಯ ಒತ್ತಡ ಆ ನೀರನ್ನು ಮೇಲಕ್ಕೆ ತಳ್ಳಿ ದೋಣಿಯ ಹೊರಗೆ ಉಗುಳುತ್ತದೆ. ಅಂದರೆ ನೀರು ಹೊರಹೋಗಬೇಕಾದರೆ ಇಂಜಿನ್ ಉರಿಯುತ್ತಿರಬೇಕು. ಈಗ ಉರಿಯದೆ ಬರೀ ಸ್ಟಾರ್ಟರಿನಿಂದ ತಿರುಗಿಸುತ್ತಾ ಹೋದರೆ? ಪಂಪು ಇಂಜಿನ್ ತಿರುಗಿದಾಗೆಲ್ಲ ನೀರು ತಳ್ಳುತ್ತಲೇ ಇರುತ್ತದೆ, ಹೊರಗೆ ಹಾಕುವ ಹೊಗೆ ಮಾತ್ರ ಇಲ್ಲ. ಡಬ್ಬ ತುಂಬುತ್ತದೆ, ಕೊಳವೆ ತುಂಬುತ್ತದೆ, ಕೊನೆಗೆ ಉಪ್ಪುನೀರು ಹೊಗೆಯ ವಾಲ್ವ್ ದಾಟಿ ಸಿಲಿಂಡರಿಗೇ ಇಳಿಯುತ್ತದೆ. ಗಾಳಿಯನ್ನು 20ಕ್ಕೂ ಜಾಸ್ತಿ ಪಟ್ಟು ಅದುಮಲು ಮಾಡಿದ ಪಿಸ್ಟನ್ನಿಗೆ ನೀರನ್ನು ಅದುಮಲು ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹಾಗಾಗಿ ಸ್ಟಾರ್ಟ್ ಮಾಡಲು ಒದ್ದಾಡುವಾಗ ಸಮುದ್ರದ ನೀರನ್ನು ಒಳಗೆ ಬಿಡುವ ಕಾಕ್ (ನಲ್ಲಿ) ಮುಚ್ಚಿರಬೇಕು. ಇಂಜಿನ್ ಹತ್ತಿದ ಕೂಡಲೇ ತೆರೆಯಬೇಕು, ತಡ ಮಾಡುವಂತಿಲ್ಲ, ಯಾಕೆಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ನೀರೇ ಎಣ್ಣೆ. ಒಣಗಿ ತಿರುಗಿದರೆ ಅದರ ರೆಕ್ಕೆಗಳು ಸುಟ್ಟು ಕಿತ್ತುಹೋಗುತ್ತವೆ. ಕಾಕ್ ಮುಚ್ಚಿದಾಗ ಇಂಜಿನ್ ಕೀಯನ್ನು ಅದರ ಹಿಡಿಗೇ ನೇತುಹಾಕುವ ಅಭ್ಯಾಸ ಬಹಳ ನಾವಿಕರಿಗೆ ಇದೆ. ಒಳ್ಳೆಯ ಅಭ್ಯಾಸ. ಹಳೇ ಇಂಪೆಲ್ಲರನ್ನಂತೂ ಎಸೆಯಲೇಬೇಕು. ವರ್ಷಗಟ್ಟಲೆ ಒಂದೇ ಕಡೆ ಮಡಚಿ ನಿಂತ ರೆಕ್ಕೆಗಳು ಮತ್ತೆ ನೆಟ್ಟಗಾಗುವುದಿಲ್ಲ. ಹಳೆಯದನ್ನು ತೆಗೆದಾಗ ರೆಕ್ಕೆಗಳನ್ನು ಎಣಿಸಿ. ಒಂದು ಕಮ್ಮಿ ಇದ್ದರೆ ಆ ತುಂಡು ಮುಂದಿನ ಕೊಳವೆಯಲ್ಲಿ ಎಲ್ಲೋ ನೀರಿಗೆ ಅಡ್ಡ ಕೂತಿದೆ, ಹುಡುಕಲೇಬೇಕು.

ಡೀಸೆಲ್ ಟ್ಯಾಂಕಿನ ಕತೆ ಬೇರೆ. ತಳದಲ್ಲಿ ನೀರು ಸೇರಿದ್ದರೆ, ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಹಾರ್ಮೋಕೋನಿಸ್ ರೆಸಿನೇ ಅನ್ನುವ ಶಿಲೀಂಧ್ರ ಬೆಳೆಯುತ್ತದೆ. ಬದುಕುವುದು ನೀರಿನಲ್ಲಿ, ತಿನ್ನುವುದು ಡೀಸೆಲ್. ಕಪ್ಪಗೆ ಲೋಳೆಲೋಳೆಯಾಗಿ ಟ್ಯಾಂಕಿನ ತಳದಲ್ಲಿ ಹಾಸಿಕೊಂಡಿರುತ್ತದೆ. ದೋಣಿ ದಡಕ್ಕೆ ಕಟ್ಟಿ ನೀರಲ್ಲಿ ನಿಂತಿರುವಾಗ ಇಂಜಿನ್ ಚೆನ್ನಾಗಿ ಓಡುತ್ತದೆ. ಬಂದರಿನ ಬಾಯಿ ದಾಟುವಾಗ ಅಲೆಗೆ ಟ್ಯಾಂಕ್ ಕುಲುಕಿ, ಲೋಳೆ ಎದ್ದು ಫಿಲ್ಟರ್ ಕಟ್ಟಿ, ಬೇಡದ ಜಾಗದಲ್ಲೇ ಇಂಜಿನ್ ನಿಲ್ಲುತ್ತದೆ. ಔಷಧಿ ಸುರಿದರೆ ಸಾಕು ಅನ್ನುತ್ತಾರೆ. ಸತ್ತ ಲೋಳೆಯೂ ಲೋಳೆಯೇ. ಟ್ಯಾಂಕ್ ತೆರೆದು ಒರೆಸದೆ ಬೇರೆ ದಾರಿ ಇಲ್ಲ.

ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಪೈಪಿಗೆ ಸೇರಿದ ಏರ್ ತೆಗೆಯಬೇಕು. ಊರಲ್ಲಿ ಡೀಸೆಲ್ ಪಂಪ್‌ಸೆಟ್ ಓಡಿಸಿದವರಿಗೆ ಇದು ಹೊಸದಲ್ಲ: ಏರ್ ಹಿಡಿದ ಇಂಜಿನ್ ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ. ಇಂಜೆಕ್ಟರ್ ತೆರೆಯಲು 150ಕ್ಕೂ ಹೆಚ್ಚು ಬಾರ್ ಒತ್ತಡ ಬೇಕು. ಪೈಪಿನಲ್ಲಿ ಬರೀ ಡೀಸೆಲ್ ಇದ್ದರೆ ಪಂಪಿನ ಒತ್ತು ಹಾಗೇ ಇಂಜೆಕ್ಟರಿಗೆ ಮುಟ್ಟುತ್ತದೆ. ನಡುವೆ ಗಾಳಿಗುಳ್ಳೆ ಇದ್ದರೆ ಆ ಒತ್ತೆಲ್ಲ ಗುಳ್ಳೆ ಕುಗ್ಗುವುದಕ್ಕೇ ಹೋಗುತ್ತದೆ. ಫಿಲ್ಟರ್ ಮೇಲಿನ ಬೋಲ್ಟ್ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಪುಟ್ಟ ಲಿವರನ್ನು ಬೆರಳಿನಿಂದ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿಯಾದ ಡೀಸೆಲ್ ಬರುತ್ತದೆ. ಲಿವರ್ ಸಡಿಲವಾಗಿ ಆಡುತ್ತಾ ಏನೂ ಬರದಿದ್ದರೆ ಪಂಪು ಕೆಟ್ಟಿದೆ ಅಂದುಕೊಳ್ಳಬೇಡಿ. ಪಂಪನ್ನು ಒತ್ತುವ ಇಂಜಿನ್ನಿನೊಳಗಿನ ಉಬ್ಬು, ಅಂದರೆ ಕ್ಯಾಮ್, ಅದನ್ನು ಆಗಲೇ ಪೂರ್ತಿ ಒತ್ತಿ ಹಿಡಿದಿರಬಹುದು. ಇಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ.

ನಮ್ಮ ಮಲ್ಪೆ, ಮಂಗಳೂರಿನ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ ಮಾತ್ರ ನಿಲ್ಲುತ್ತವೆ. ಆ ಎರಡು ತಿಂಗಳಲ್ಲೇ ಬಲೆ, ಬೋಟು, ಇಂಜಿನ್ ಎಲ್ಲದರ ರಿಪೇರಿ ನಡೆಯುತ್ತದೆ. ಉಪ್ಪುನೀರು ಏನು ಮಾಡುತ್ತದೆ ಅಂತ ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಂಜಿನ್ ಹತ್ತಿತು ಅಂದುಕೊಳ್ಳಿ. ಕಾಕ್ ತೆರೆದು, ಮೇಲೆ ಓಡಿ, ಹಿಂಬದಿಯ ಕೊಳವೆಯಿಂದ ನೀರು ಬರುತ್ತಿದೆಯಾ ನೋಡಿ. ಅರ್ಧ ನಿಮಿಷದಲ್ಲಿ ಬರದಿದ್ದರೆ ನಿಲ್ಲಿಸಿ. ಶುರುವಿನ ಬಿಳಿ ಹೊಗೆ ತಣ್ಣನೆ ಸಿಲಿಂಡರಿನಲ್ಲಿ ಉರಿಯದೆ ಉಳಿದ ಡೀಸೆಲ್, ಬಿಸಿಯಾದ ಮೇಲೆ ಹೋಗಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ; ಸಿಲಿಂಡರಿಗೆ ಸುರಿದದ್ದು ಖಾಲಿಯಾಗುವವರೆಗೆ ಪರವಾಗಿಲ್ಲ. ಸ್ಟಾರ್ಟ್ ಮಾಡುವ ಮುಂಚೆ ಹಾಕಿದ ಹೊಸ ಆಯಿಲ್ ಎರಡು ಗಂಟೆ ಓಡುವಷ್ಟರಲ್ಲಿ ಒಳಗಿನ ತುಕ್ಕು, ಹಳೇ ಆಮ್ಲ ಎಲ್ಲ ತೊಳೆದು ತಂದಿರುತ್ತದೆ. ಬಿಸಿ ಇರುವಾಗಲೇ ಅದನ್ನು ತೆಗೆದು, ಮತ್ತೆ ಹೊಸದು ಹಾಕಿ. ತೆಗೆದ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಅದರಲ್ಲಿ ನೀರು ಸೇರಿದೆ. ಹಾಗಿದ್ದರೆ ದೋಣಿಯನ್ನು ಕಟ್ಟಿಹಾಕಿಯೇ ಇಡಿ, ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಇಟ್ಟ ಹೆಡ್ ಗ್ಯಾಸ್ಕೆಟ್ಟಿನಿಂದ ಹುಡುಕಲು ಶುರುಮಾಡಿ.