ಡೀಸೆಲ್ ಏರಿತು, ಬಾಡಿಗೆ ಏರಲಿಲ್ಲ: ಗಾಡಿ ಓಡಿಸುವವರು ಏನು ಮಾಡಬೇಕು?

ಪ್ರಶ್ನೆ: ಸಿಂಧನೂರಿನಾಗ ಸಣ್ಣ ಗೂಡ್ಸ್ ಗಾಡಿ ಇಟ್ಟೀನಿ. ಡೀಸೆಲ್ ರೇಟು ಏರಿದಂಗೆಲ್ಲ ಬಾಡಿಗೆ ಏರಸ್ತೀನಿ ಅಂದ್ರ ಗಿರಾಕಿ ಬ್ಯಾರೆ ಗಾಡಿ ನೋಡ್ತಾರ. ಏರಸ್ಲಿಲ್ಲ ಅಂದ್ರ ಕಂತು ಕಟ್ಟಾಕ ಆಗಂಗಿಲ್ಲ. ಉಳಿದ ಡ್ರೈವರುಗಳು ಹೆಂಗ ಸಂಭಾಳಸ್ತಾರ?

ಉತ್ತರ: ಇದು ಸಿಂಧನೂರಿನವರ ಪ್ರಶ್ನೆ ಮಾತ್ರ ಅಲ್ಲ. ಗಂಗಾವತಿಯ ಅಕ್ಕಿ ಗಿರಣಿ ಮುಂದೆ ಸಾಲುಗಟ್ಟಿ ನಿಂತ ಲಾರಿಯವರು, ಬಳ್ಳಾರಿ ರಾಯಲ್ ಸರ್ಕಲ್‌ನ ಆಟೊದವರು, ಮಸ್ಕಿ–ಲಿಂಗಸುಗೂರು ನಡುವೆ ಕ್ರೂಸರ್ ಓಡಿಸುವವರು, ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಕೇಳುವುದು ಇದನ್ನೇ. ನೇರವಾಗಿ ಹೇಳಿಬಿಡುತ್ತೇನೆ. ಬಂಕಿನ ಬೋರ್ಡ್ ಮೇಲಿನ ದರ ನಿಮ್ಮ ಕೈಯಲ್ಲಿಲ್ಲ. ಗಾಡಿ ಒಂದು ಕಿಲೊಮೀಟರ್ ಓಡಲು ಎಷ್ಟು ಖರ್ಚಾಗುತ್ತದೆ, ಓಡಿದ್ದರಲ್ಲಿ ಎಷ್ಟು ಕಿಲೊಮೀಟರಿಗೆ ದುಡ್ಡು ಬರುತ್ತದೆ ಎಂಬ ಎರಡು ಲೆಕ್ಕ ಇಟ್ಟವರು ತಾಳಿಕೊಂಡಿದ್ದಾರೆ. ಇಡದವರು ಸಾಲದ ಮೇಲೆ ಸಾಲ ಮಾಡಿ ಗಾಡಿ ಮಾರಿದ್ದಾರೆ.

ಮೊದಲು ದರದ ವಿಷಯ ಚುಟುಕಾಗಿ ನೋಡೋಣ. ಪೆಟ್ರೋಲ್, ಡೀಸೆಲ್ ಎರಡೂ ಜಿಎಸ್‌ಟಿ ಹೊರಗಿವೆ. ಕೇಂದ್ರದ ಎಕ್ಸೈಸ್ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ಇರುತ್ತದೆ. ರಾಜ್ಯದ ಮಾರಾಟ ತೆರಿಗೆ ಶೇಕಡಾ ಲೆಕ್ಕದಲ್ಲಿ ಇರುವುದರಿಂದ ಮೂಲ ಬೆಲೆ ಏರಿದರೆ ಅದೂ ಜೊತೆಗೇ ಏರುತ್ತದೆ. ರಾಜ್ಯ ಸರ್ಕಾರ 2024ರ ಜೂನ್ 15ರಂದು ಡೀಸೆಲ್ ಮೇಲಿನ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ, ಪೆಟ್ರೋಲ್ ಮೇಲಿನದನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ 21.17 ಆಯಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ಡಿಪೊದಿಂದ ಸಾಗಿಸುವ ಖರ್ಚೂ ಸೇರುವುದರಿಂದ, ರಿಫೈನರಿ ಇರುವ ಮಂಗಳೂರಿಗಿಂತ ಬಳ್ಳಾರಿಯಲ್ಲಿ ದರ ಹೆಚ್ಚು. ಹಾಗಿದ್ದೂ ಆಂಧ್ರ, ತೆಲಂಗಾಣದ ತೆರಿಗೆ ನಮ್ಮದಕ್ಕಿಂತ ಜಾಸ್ತಿ. ಹಾಗಾಗಿ ರಾಯಚೂರಿನಿಂದ ಹೈದರಾಬಾದ್ ಕಡೆ, ಬಳ್ಳಾರಿಯಿಂದ ಗುಂತಕಲ್, ಆದೋನಿ ಕಡೆ ಹೋಗುವವರು ಗಡಿ ದಾಟುವ ಮುಂಚೆಯೇ ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ. ಹಾದಿಯಲ್ಲೇ ಬಂಕ್ ಇದ್ದರೆ ಅದು ಜಾಣತನ. ಎರಡು ರೂಪಾಯಿ ಉಳಿಸಲು ಹತ್ತು ಕಿಲೊಮೀಟರ್ ಸುತ್ತು ಹಾಕುವುದು ಜಾಣತನ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಡೀಸೆಲ್ ಲೀಟರಿಗೆ 96 ರೂಪಾಯಿ ಇತ್ತು, 100 ಆಯಿತು ಎಂದುಕೊಳ್ಳಿ. ನಿಮ್ಮ ಗಾಡಿ ಲೋಡ್ ಇದ್ದಾಗ ಲೀಟರಿಗೆ 16 ಕಿ.ಮೀ., ಖಾಲಿ ಇದ್ದಾಗ 20 ಕಿ.ಮೀ. ಕೊಡುತ್ತದೆ. ಸಿಂಧನೂರಿನಿಂದ ರಾಯಚೂರಿಗೆ ಹೆಚ್ಚುಕಡಿಮೆ 80 ಕಿ.ಮೀ. ಹೋಗುವಾಗ ಐದು ಲೀಟರ್, ಖಾಲಿ ಬರುವಾಗ ನಾಲ್ಕು ಲೀಟರ್, ಒಟ್ಟು ಒಂಬತ್ತು. ನಾಲ್ಕು ರೂಪಾಯಿ ಏರಿದ್ದರಿಂದ ಈ ಟ್ರಿಪ್ಪಿಗೆ ಬಿದ್ದ ಹೆಚ್ಚಿನ ಹೊರೆ 36 ರೂಪಾಯಿ. ಖಾಲಿ ವಾಪಸ್ ಬಂದದ್ದರಿಂದ ಸುಟ್ಟದ್ದು 400 ರೂಪಾಯಿ.

36 ರೂಪಾಯಿ ಏನು ಮಹಾ ಎಂದು ನಾನು ಹೇಳುತ್ತಿಲ್ಲ. ತಿಂಗಳಿಗೆ 25 ಟ್ರಿಪ್ ಹೊಡೆದರೆ ಅದು 900 ರೂಪಾಯಿ, ಹೆಚ್ಚುಕಡಿಮೆ ಒಂದು ಮನೆಯ ಗ್ಯಾಸ್ ಸಿಲಿಂಡರಿನ ದುಡ್ಡು. ಆದರೆ ಸ್ಟ್ಯಾಂಡಿನಲ್ಲಿ ದಿನವಿಡೀ ಮಾತಾಡುವುದು ಆ 36ರ ಬಗ್ಗೆ, 400ರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಖಾಲಿ ಬರುವುದು ರೂಢಿ ಆಗಿಬಿಟ್ಟಿದೆ.

ನಮ್ಮ ಭಾಗದಲ್ಲಿ ಸರಕು ಒಂದೇ ದಿಕ್ಕಿಗೆ ಹರಿಯುತ್ತದೆ, ತೊಂದರೆ ಇರುವುದೇ ಅಲ್ಲಿ. ತುಂಗಭದ್ರಾ ಎಡದಂಡೆಯ ಭತ್ತ ಕಾರಟಗಿ, ಗಂಗಾವತಿ, ಸಿಂಧನೂರಿನ ಗಿರಣಿಗೆ ಬರುತ್ತದೆ, ಅಕ್ಕಿಯಾಗಿ ಬೆಂಗಳೂರಿನ ಕಡೆ ಹೋಗುತ್ತದೆ. ಕುರುಗೋಡು, ಸಿರುಗುಪ್ಪದ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. ಸುಗ್ಗಿಯಲ್ಲಿ ಎಲ್ಲ ಗಾಡಿಯೂ ಒಂದೇ ಕಡೆ ತುಂಬಿ ಹೋಗಿ, ಒಂದೇ ಕಡೆಯಿಂದ ಖಾಲಿ ಬರುತ್ತವೆ. ಹಾಗಾಗಿ ರಿಟರ್ನ್ ಲೋಡ್ ಸಿಗುವುದು ಅಲ್ಲಿಗೆ ಹೋಗಿ ಇಳಿಸಿದ ಮೇಲೆ ಹುಡುಕಿದವರಿಗಲ್ಲ, ಇಲ್ಲಿಂದ ಹೊರಡುವ ಮುಂಚೆಯೇ ಫೋನ್ ಮಾಡಿದವರಿಗೆ. ರಾಯಚೂರು ಗಂಜ್‌ನಲ್ಲಿ, ಬಳ್ಳಾರಿಯಲ್ಲಿ ಗೊಬ್ಬರ, ಸಿಮೆಂಟ್, ಕಿರಾಣಿ, ಹಾರ್ಡ್‌ವೇರ್, ಪಶು ಆಹಾರ ಸಗಟಾಗಿ ಮಾರುವ ಅಂಗಡಿಗಳಿವೆ. ನಿಮ್ಮೂರಿನ ಕಿರಾಣಿಯವರು, ಗೊಬ್ಬರದ ಅಂಗಡಿಯವರು ಮಾಲು ತರಿಸುವುದು ಅಲ್ಲಿಂದಲೇ. "ಬುಧವಾರ ರಾಯಚೂರಿಗೆ ಹೊಂಟೀನಿ, ಸಂಜೀಗೆ ವಾಪಸ್, ಏನರ ತರೋದೈತೇನ್ರಿ?" ಎಂದು ವಾರಕ್ಕೊಮ್ಮೆ ಕೇಳಲು ನಾಲ್ಕೈದು ಅಂಗಡಿಗಳ ನಂಬರ್ ಇಟ್ಟುಕೊಳ್ಳಿ. ಒಬ್ಬರದೇ ಫುಲ್ ಲೋಡ್ ಬೇಕೆಂದಿಲ್ಲ. ಮೂವರ ಹತ್ತತ್ತು ಚೀಲ ಸೇರಿದರೂ ವಾಪಸಿನ ಡೀಸೆಲ್ ಎದ್ದು ನಾಲ್ಕು ಕಾಸು ಉಳಿಯುತ್ತದೆ.

ಇಲ್ಲೊಂದು ಎಚ್ಚರ ಬೇಕು. ಹೇಗೂ ಖಾಲಿ ಹೋಗಬೇಕಲ್ಲ ಎಂದು ಬರೀ ಡೀಸೆಲ್ ದುಡ್ಡಿಗೆ ಲೋಡ್ ಎತ್ತಿದರೆ ಆ ಊರಿನ ಸ್ಟ್ಯಾಂಡಿನವರ ಹೊಟ್ಟೆಗೆ ಹೊಡೆದಂತೆ. ನಾಳೆ ಅವರೂ ನಿಮ್ಮೂರಿಗೆ ಬಂದು ಅದನ್ನೇ ಮಾಡುತ್ತಾರೆ, ಆಮೇಲೆ ಎರಡೂ ಊರಿನಲ್ಲಿ ಬಾಡಿಗೆ ನೆಲ ಕಚ್ಚುತ್ತದೆ. ಮಾಮೂಲಿ ಬಾಡಿಗೆಯ ಅರ್ಧಕ್ಕಿಂತ ಕೆಳಗೆ ಇಳಿಯಬೇಡಿ ಎಂಬುದು ನನ್ನ ಸಲಹೆ. ಹಾಗೆಯೇ ಲೋಡ್ ಸಿಗಲಿ ಎಂದು ಎರಡು ದಿನ ಕಾಯುವುದೂ ತಪ್ಪು. ಕಂತಿನ ದಿನದ ಪಾಲು, ಊಟದ ಖರ್ಚು ಸೇರಿಸಿ ನೋಡಿದರೆ ಖಾಲಿ ಬಂದಿದ್ದೇ ಅಗ್ಗ ಆಗಿರುತ್ತದೆ.

ಮೈಲೇಜ್ ವಿಷಯದಲ್ಲಿ ಮೊದಲು ಅಳೆಯಿರಿ. ಫುಲ್ ಟ್ಯಾಂಕ್ ಮಾಡಿಸಿ ಕಿಲೊಮೀಟರ್ ಬರೆದಿಟ್ಟುಕೊಳ್ಳಿ, ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಲೀಟರಿನಿಂದ ಭಾಗಿಸಿ. 500 ರೂಪಾಯಿ, 1000 ರೂಪಾಯಿ ಲೆಕ್ಕದಲ್ಲಿ ಹಾಕಿಸುತ್ತ ಹೋದರೆ ಗಾಡಿ ಎಷ್ಟು ಕುಡಿಯುತ್ತಿದೆ ಎಂಬುದು ಎಂದೂ ಗೊತ್ತಾಗುವುದಿಲ್ಲ.

ಟೈರ್ ಗಾಳಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಒಂದು ಅಪಾಯಕಾರಿ ನಂಬಿಕೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಟೈರ್ ಸಿಡಿಯುತ್ತದೆ ಎಂದು ಗಾಳಿ ಇಳಿಸುತ್ತಾರೆ. ಆಗುವುದು ಉಲ್ಟಾ. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ, ಆ ಮಡಚುವಿಕೆಯಿಂದಲೇ ಒಳಗೆ ಕಾವು ಏರುತ್ತದೆ, ಸಿಡಿಯುವುದು ಅಂಥ ಟೈರೇ. ಜೊತೆಗೆ ಗಾಡಿ ಭಾರವಾಗಿ ಎಳೆದು ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿದ್ದಾಗ, ಕಂಪನಿ ಹೇಳಿದಷ್ಟು ಗಾಳಿ ಹಿಡಿಸಿ. ಮಧ್ಯಾಹ್ನ ಬಿಸಿ ಟೈರಿಗೆ ಮೀಟರ್ ಇಟ್ಟರೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಬಿಡಬೇಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು ಇನ್ನೊಂದು ರೂಢಿ. ಸಂಡೂರಿನ ಗುಡ್ಡ ಇಳಿಯುವಾಗ ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಇದು ಜೀವಕ್ಕೆ ಸಂಚಕಾರ. ಎಂಜಿನ್ ಆಫ್ ಆದರೆ ಬ್ರೇಕಿಗೆ ಸಿಗುವ ಸಹಾಯ ಹೋಗುತ್ತದೆ, ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ. ಉಳಿತಾಯವಾದರೂ ಇದೆಯೇ ಎಂದರೆ ಅದೂ ಇಲ್ಲ. ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ನಡೆಯಲು ಡೀಸೆಲ್ ಬೇಕೇ ಬೇಕು.

ವೇಗ 60ರಿಂದ 80ಕ್ಕೆ ಏರಿದರೆ ಗಾಳಿಯ ತಡೆ ಹತ್ತಿರ ಹತ್ತಿರ ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಹೊಸಪೇಟೆ–ಕುಷ್ಟಗಿ ನಾಲ್ಕು ಪಥದ ರಸ್ತೆಯಲ್ಲಿ ಕಾಲು ತಾನಾಗಿ ಒತ್ತುತ್ತದೆ, ಅಲ್ಲಿ ಸ್ವಲ್ಪ ತಡೆದುಕೊಂಡರೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಹೊಟ್ಟೆ ಉಬ್ಬಿಸಿಕೊಂಡು ಪಟಪಟ ಬಡಿಯುವ ತಾಡಪತ್ರಿಯೂ ಗಾಳಿಗೆ ಅಡ್ಡ ನಿಲ್ಲುತ್ತದೆ. ಹಗ್ಗದ ಇನ್ನೊಂದು ಸುತ್ತು ಬಿಗಿದು ಅಂಚನ್ನು ಒಳಗೆ ಸೇರಿಸಿದರೆ ಆಯಿತು. ಗಿರಣಿ ಮುಂದೆ ಸಾಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡಿ. ಏರ್ ಫಿಲ್ಟರ್ ಬಗ್ಗೆ ಕೇಳುವವರೂ ಬಹಳ. ತೋರಣಗಲ್ಲು, ಸಂಡೂರು ಕಡೆ ಓಡುವ ಗಾಡಿಯ ಫಿಲ್ಟರ್ ಬಿಚ್ಚಿ ಬಡಿದರೆ ಅದಿರಿನ ಕೆಂಪು ಧೂಳು ಬೊಗಸೆಗಟ್ಟಲೆ ಉದುರುತ್ತದೆ. ಹಳೆಯ ಕಾರ್ಬುರೇಟರ್ ಬೈಕುಗಳಲ್ಲಿ ಇದರಿಂದ ಮೈಲೇಜ್ ಇಳಿಯುತ್ತದೆ. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಇಳಿಯುವುದು ಮುಖ್ಯವಾಗಿ ಪಿಕಪ್, ಆದರೆ ಎಂಜಿನ್ ಆಯಸ್ಸಿಗಾಗಿಯಾದರೂ ಹೊತ್ತಿಗೆ ಸರಿಯಾಗಿ ಬದಲಿಸಿ.

ಪೆಟ್ರೋಲ್ ಆಟೊ, ಬೈಕ್ ಇದ್ದವರು ಈಚೆಗೆ ಮೈಲೇಜ್ ಇಳಿದಿದೆ ಎನ್ನುತ್ತಿದ್ದಾರೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಬೆರೆತಿರುತ್ತದೆ, ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6–7ರಷ್ಟು, ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ಮೈಲೇಜ್ ಕುಸಿಯಬಹುದು ಎಂದು ಅಂದಾಜು ಮಾಡಿತ್ತು. ಅದಕ್ಕಿಂತ ಹೆಚ್ಚು ಇಳಿದಿದ್ದರೆ ತಪ್ಪು ಗಾಡಿಯಲ್ಲಿದೆ, ಮೆಕ್ಯಾನಿಕ್‌ಗೆ ತೋರಿಸಿ.

ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಎಣ್ಣೆ ಹೆಚ್ಚು ಸಿಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ, ಅದರ ಕಾವು ಬೆಳಿಗ್ಗೆ ಮಧ್ಯಾಹ್ನಕ್ಕೆಲ್ಲ ಬದಲಾಗುವುದಿಲ್ಲ. ಅಳತೆಯ ಬಗ್ಗೆ ಅನುಮಾನ ಇದ್ದರೆ ಬಂಕಿನಲ್ಲಿರುವ ಐದು ಲೀಟರಿನ ಮುದ್ರೆ ಹಾಕಿದ ಮಾಪನದಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. 25 ಮಿ.ಲೀ.ವರೆಗಿನ ವ್ಯತ್ಯಾಸಕ್ಕಷ್ಟೇ ಅವಕಾಶ.

ರಸ್ತೆ ಬದಿಯಲ್ಲಿ ಬಯೋಡೀಸೆಲ್ ಎಂದು ಅಗ್ಗಕ್ಕೆ ಮಾರುವ ಎಣ್ಣೆಯನ್ನು ಮಾತ್ರ ಮುಟ್ಟಬೇಡಿ. ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಯ ಇಂಜೆಕ್ಟರ್ ಹಾಳಾದರೆ ವರ್ಷವಿಡೀ ಉಳಿಸಿದ್ದು ಒಂದೇ ಬಿಲ್ಲಿಗೆ ಹೋಗುತ್ತದೆ. ಓವರ್‌ಲೋಡ್ ಕೂಡ ಅಷ್ಟೇ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ದಂಡಕ್ಕಿಂತ ನನಗೆ ಭಯ ಬ್ರೇಕಿನದು.

ಟಂಟಂ, ಕ್ರೂಸರ್‌ನವರ ಕಷ್ಟ ಬೇರೆ ತರಹದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಬಸ್ ಉಚಿತವಾಯಿತು. ಕೂಲಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಅದರಿಂದ ಆದ ಅನುಕೂಲ ದೊಡ್ಡದು, ಅದು ಇರಲೇಬೇಕು. ಆದರೆ ಬಸ್ ಓಡುವ ಹಾದಿಯಲ್ಲೇ ಹಿಂದೆ ಮುಂದೆ ಓಡಿ ಸೀಟಿಗಾಗಿ ಕೂಗಿದರೆ ಇನ್ನು ಗಿಟ್ಟುವುದಿಲ್ಲ. ಬಸ್ ನಿಲ್ಲುವ ಕ್ರಾಸಿನಿಂದ ಒಳಗಿನ ಹಳ್ಳಿಗಳಿಗೆ, ವಲಸೆ ಬಂದ ರೈತರ ಕ್ಯಾಂಪುಗಳಿಗೆ ಓಡುವವರಿಗೆ, ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲಕ್ಕೆ ಕೂಲಿಯವರ ಗುಂಪನ್ನು ದಿನಗುತ್ತಿಗೆಗೆ ಒಯ್ಯುವವರಿಗೆ ಕೆಲಸ ಇದೆ. ಊರೊಳಗೇ ಓಡುವ ಆಟೊಗೆ ಎಲೆಕ್ಟ್ರಿಕ್ ಗಾಡಿ ಹೊಂದುತ್ತದೆ. ಸಿಎನ್‌ಜಿ ಯೋಚಿಸುತ್ತಿದ್ದರೆ ನಿಮ್ಮ ದಿನನಿತ್ಯದ ಹಾದಿಯಲ್ಲಿ ಗ್ಯಾಸ್ ತುಂಬಿಸುವ ಜಾಗ ಇದೆಯೇ, ಅಲ್ಲಿ ಎಷ್ಟು ಹೊತ್ತು ಸಾಲು ನಿಲ್ಲಬೇಕು ಎಂಬುದನ್ನು ಮೊದಲು ನೋಡಿಕೊಂಡು ಬನ್ನಿ. ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಕೊನೆಗೆ ನಿಮ್ಮ ಪ್ರಶ್ನೆಯ ಮುಖ್ಯ ಭಾಗ, ಬಾಡಿಗೆ ಏರಿಸುವುದು. ಇಷ್ಟೆಲ್ಲ ಉಳಿಸಿದ ಮೇಲೂ ದರ ಏರಿಕೆಯ ಪೂರ್ತಿ ಭಾರವನ್ನು ಡ್ರೈವರ್ ಒಬ್ಬನೇ ಹೊರಬೇಕು ಎಂಬುದು ನ್ಯಾಯವಲ್ಲ. ದೊಡ್ಡ ಗುತ್ತಿಗೆಗಳಲ್ಲಿ ಡೀಸೆಲ್ ದರ ಏರಿದರೆ ಬಾಡಿಗೆಯೂ ಏರುವ ಷರತ್ತು ಇರುತ್ತದೆ. ಸಣ್ಣ ಗಾಡಿಯವರು ಕೇಳುವುದಿಲ್ಲ, ಹಾಗಾಗಿ ಸಿಗುವುದಿಲ್ಲ. "ಬಾಡಿಗೆ ಜಾಸ್ತಿ ಮಾಡ್ರಿ" ಎಂದರೆ ಗಿರಾಕಿಗೆ ಅದು ಬರೀ ಚೌಕಾಸಿಯಾಗಿ ಕೇಳಿಸುತ್ತದೆ. ಲೆಕ್ಕ ತೋರಿಸಿದರೆ ಮಾತಿನ ತೂಕವೇ ಬೇರೆ. ವರ್ಷವಿಡೀ ಕೆಲಸ ಕೊಡುವ ಗಿರಣಿ, ಅಂಗಡಿಯವರ ಜೊತೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಇಂದಿನ ತಾರೀಖು, ಇಂದಿನ ಡೀಸೆಲ್ ದರ, ಟ್ರಿಪ್ಪಿಗೆ ಹಿಡಿಯುವ ಲೀಟರ್. ದರ ಎಷ್ಟು ರೂಪಾಯಿ ಏರುತ್ತದೋ ಅದನ್ನು ಲೀಟರಿನಿಂದ ಗುಣಿಸಿ ಬಾಡಿಗೆಗೆ ಸೇರಿಸುವುದು, ಇಳಿದರೆ ಅಷ್ಟೇ ಕಳೆಯುವುದು. ನಿಮ್ಮ ರಾಯಚೂರು ಟ್ರಿಪ್ಪಿನಲ್ಲಿ ಒಂದು ರೂಪಾಯಿಗೆ ಒಂಬತ್ತು ರೂಪಾಯಿ. ಗಂಗಾವತಿಯಿಂದ ಬೆಂಗಳೂರಿಗೆ ಹೋಗಿಬರುವ, ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಲಾರಿಗೆ ಸುಮಾರು 175 ರೂಪಾಯಿ. ಇಳಿದಾಗ ಕಳೆಯುತ್ತೇನೆ ಎಂದು ನೀವೇ ಬರೆದುಕೊಟ್ಟಾಗ ಗಿರಾಕಿಗೂ ನಂಬಿಕೆ ಬರುತ್ತದೆ.

ಒಬ್ಬರೇ ಕೇಳಿದರೆ ಬೇರೆ ಗಾಡಿ ನೋಡುತ್ತಾರೆ ಎಂಬ ನಿಮ್ಮ ಭಯ ನಿಜ. ಆದ್ದರಿಂದ ಇದನ್ನು ಸ್ಟ್ಯಾಂಡಿನ ಎಲ್ಲರೂ ಕೂತು, ಒಂದೇ ಸೂತ್ರ ಇಟ್ಟುಕೊಂಡು, ಭತ್ತದ ಕಟಾವು ಶುರುವಾಗುವ ಒಂದು ತಿಂಗಳು ಮುಂಚೆ ಮಾಡಿ. ಕಟಾವು ಶುರುವಾದರೆ ಗಿರಣಿಯವರಿಗೆ ಗಾಡಿ ಬೇಕೇ ಬೇಕು.